ಆಟೊಮ್ಯಾಟಿಕ್ ಗೇರ್‌ಬಾಕ್ಸ್ ‘ಹೋಗಿದೆ’ ಅಂದರು, 1.9 ಲಕ್ಷ ಕೊಡುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನನ್ನದು 2011ರ ಹೋಂಡಾ ಸಿಟಿ, ಪೆಟ್ರೋಲ್, ಆಟೊಮ್ಯಾಟಿಕ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 1,12,000 ಕಿ.ಮೀ. ಆಗಿದೆ. ಗೇರ್‌ಬಾಕ್ಸ್ ಆಯಿಲ್ ಹಿಂದಿನವರು ಬದಲಿಸಿದ್ದರೋ ಇಲ್ಲವೋ ಗೊತ್ತಿಲ್ಲ, ನಾನಂತೂ ಬದಲಿಸಿಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗಲ್ಲ, ಆಮೇಲೆ ‘ಧಡ್’ ಅಂತ ಹಿಡಿಯುತ್ತೆ. ಗಾಡಿ ಬಿಸಿಯಾದ ಮೇಲೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಇಂಜಿನ್ ಸುಮ್ಮನೆ ರೇಸ್ ಆಗಿ, ನಂತರ ಜರ್ಕ್ ಹೊಡೆದು ಗೇರ್ ಬೀಳುತ್ತೆ. 60–70ರಲ್ಲಿ ನಿಧಾನ ಹೋಗುತ್ತಿದ್ದರೆ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಕ. ಎರಡು ಸಲ ಮೀಟರಿನಲ್ಲಿ ‘ಡಿ’ ಲೈಟ್ ಮಿನುಗಿತು, ಆಫ್ ಮಾಡಿ ಸ್ಟಾರ್ಟ್ ಮಾಡಿದಾಗ ಹೋಯಿತು. ಒಂದು ವರ್ಕ್‌ಶಾಪಿನಲ್ಲಿ ಹತ್ತು ನಿಮಿಷ ಓಡಿಸಿ ‘ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಿಸಲು 1.9 ಲಕ್ಷ’ ಅಂದರು. ಇನ್ನೊಬ್ಬ ಮೆಕ್ಯಾನಿಕ್ ಮೆಷಿನ್ ಹಾಕಿ ಫ್ಲಶ್ ಮಾಡಿದರೆ ಸಾಕು ಅಂತಾರೆ. ಮೂರನೆಯವರು ಹಳೇ ಆಯಿಲ್ ಮುಟ್ಟಲೇಬೇಡಿ, ಮುಟ್ಟಿದರೆ ಗಾಡಿ ನಿಂತೇ ಹೋಗುತ್ತೆ ಅಂತಾರೆ. ಈಗಿರುವ ಸ್ಥಿತಿಯಲ್ಲಿ ಮಾರಿದರೆ 2.6 ಲಕ್ಷ, ಗೇರ್‌ಬಾಕ್ಸ್ ಸರಿಯಿದ್ದರೆ 3.4 ಲಕ್ಷ ಅಂತ ಕಾರ್ ಬಜಾರಿನವರ ಮಾತು. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರಬೇಕು. ಏನು ಮಾಡಲಿ? — ಶಿವಮೊಗ್ಗದಿಂದ ಒಬ್ಬ ಓದುಗರು

ಉತ್ತರ: ನೀವು ಹೇಳಿದ್ದರಲ್ಲಿ ನಾಲ್ಕು ಬೇರೆ ಬೇರೆ ಲಕ್ಷಣಗಳಿವೆ. ನಾಲ್ಕಕ್ಕೂ ಕಾರಣ ಒಂದೇ ಆಗಿರಬೇಕೆಂದೇನಿಲ್ಲ. ಹತ್ತು ನಿಮಿಷ ಓಡಿಸಿ, ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದದೆ, ಆಯಿಲ್ ನೋಡದೆ, ಪ್ರೆಶರ್ ಅಳೆಯದೆ ಗೇರ್‌ಬಾಕ್ಸ್ ಹೋಗಿದೆ ಎಂದು ಯಾರಿಂದಲೂ ಹೇಳಲಾಗದು. ಹಾಗಂತ ಅದು ಚೆನ್ನಾಗಿದೆ ಎಂದು ನಾನೂ ಹೇಳುತ್ತಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಆಗುವ ಸ್ಲಿಪ್, ಅಂದರೆ ಗೇರ್ ಹಿಡಿಯದೆ ಜಾರುವುದು, ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. 1.9 ಲಕ್ಷದ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಕೆಲವು ಸಾವಿರ ಖರ್ಚಿನಲ್ಲಿ ಮುಗಿಯುವ ತಪಾಸಣೆಗಳಿವೆ, ಅವನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ.

ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಬಾಕ್ಸ್ ಅನ್ನುವುದು ಸ್ಪಷ್ಟವಿರಲಿ. ‘ಸಿಟಿ’ ಎಂಬ ಒಂದೇ ಹೆಸರಿನಲ್ಲಿ ನಮ್ಮಲ್ಲಿ ಮುಖ್ಯವಾಗಿ ಮೂರು ಥರದ ಆಟೊಮ್ಯಾಟಿಕ್ ಬಂದಿವೆ. ಹಳೆಯ ‘ಸಿಟಿ ಜಡ್‌ಎಕ್ಸ್’ ಮಾದರಿಯಲ್ಲಿ ಇದ್ದದ್ದು ಸಿವಿಟಿ, ಅಂದರೆ ಬಿಡಿ ಗೇರುಗಳ ಬದಲು ಬೆಲ್ಟಿನಿಂದ ಓಡುವ ಬಾಕ್ಸ್. 2014ರ ಮಾದರಿಯಿಂದ ಮತ್ತೆ ಸಿವಿಟಿ, ಆದರೆ ಬೇರೆ ವಿನ್ಯಾಸದ್ದು. ನಡುವಿನ ತಲೆಮಾರಿಗೆ, ಅಂದರೆ ನಿಮ್ಮದಕ್ಕೆ, ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ ಐದು ಗೇರಿನ ಬಾಕ್ಸ್. ಮೂರಕ್ಕೂ ಆಯಿಲ್ ಬೇರೆ. ನಿಮ್ಮದಕ್ಕೆ ಬೇಕಾದ್ದು ಹೋಂಡಾ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಿಡಬ್ಲ್ಯೂ-1. ಹಿಂದೆ ಬರುತ್ತಿದ್ದ ಜಡ್-1ರ ಜಾಗಕ್ಕೆ ಬಂದದ್ದು ಇದೇ. ಸಿವಿಟಿಗೆ ಹಾಕುವ ಎಚ್‌ಎಂಎಂಎಫ್ ಆಗಲಿ ಎಚ್‌ಸಿಎಫ್-2 ಆಗಲಿ ಇದಕ್ಕೆ ಬರುವುದಿಲ್ಲ. ‘ಸಿಟಿ ಆಟೊಮ್ಯಾಟಿಕ್ ಆಯಿಲ್ ಕೊಡಿ’ ಅಂತ ಕೌಂಟರಿನಲ್ಲಿ ಕೇಳಿ, ತಪ್ಪು ಡಬ್ಬಿ ತಂದು ಸುರಿಯುವುದು ನಡೆಯುತ್ತಲೇ ಇರುತ್ತದೆ. ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ.

ಒಳಗೆ ಏನು ನಡೆಯುತ್ತದೆ

ಬೇರೆ ಬಹುತೇಕ ಕಂಪನಿಗಳ ಆಟೊಮ್ಯಾಟಿಕ್‌ಗಳಲ್ಲಿ ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಜೋಡಣೆ) ಇರುತ್ತದೆ. ಹೋಂಡಾದ ಈ ಬಾಕ್ಸ್ ಹಾಗಿಲ್ಲ. ಮ್ಯಾನ್ಯುವಲ್ ಗೇರ್‌ಬಾಕ್ಸಿನಂತೆ ಸಮಾನಾಂತರ ಶಾಫ್ಟ್‌ಗಳ ಮೇಲೆ ಗೇರುಗಳು ಸದಾ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಯಾವ ಗೇರ್ ಬೇಕೋ ಅದರ ಕ್ಲಚ್ ಪ್ಯಾಕಿಗೆ ಆಯಿಲ್ ಒತ್ತಡ ಹೋಗುತ್ತದೆ. ಪಿಸ್ಟನ್ ಮುಂದೆ ಸರಿದು ಫ್ರಿಕ್ಷನ್ ಪ್ಲೇಟ್‌ಗಳನ್ನೂ ಸ್ಟೀಲ್ ಪ್ಲೇಟ್‌ಗಳನ್ನೂ ಒತ್ತಿ ಹಿಡಿದಾಗ ಆ ಗೇರ್ ಶಾಫ್ಟಿಗೆ ಕಟ್ಟಿಕೊಳ್ಳುತ್ತದೆ. ಎರಡರಿಂದ ಮೂರಕ್ಕೆ ಹೋಗುವುದೆಂದರೆ ಎರಡರ ಕ್ಲಚ್ ಬಿಡುವುದು, ಅದೇ ಹೊತ್ತಿಗೆ ಮೂರರ ಕ್ಲಚ್ ಹಿಡಿಯುವುದು. ಈ ಬಿಡು-ಹಿಡಿಯ ನಡುವೆ ಒಂದು ಕ್ಷಣ ಹೆಚ್ಚಾದರೂ ಇಂಜಿನ್ನಿಗೆ ಭಾರವೇ ಇಲ್ಲದೆ ರೇಸ್ ಏರುತ್ತದೆ. ನಿಮಗೆ ಕಾಣುತ್ತಿರುವುದು ಅದೇ.

ಒತ್ತಡ ಹುಟ್ಟಿಸುವುದು ಪಂಪ್, ಅದನ್ನು ಎಲ್ಲಿಗೆ ಎಷ್ಟು ಕಳಿಸಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್, ಆ ಆಜ್ಞೆ ಪಾಲಿಸುವುದು ಸೊಲೆನಾಯ್ಡ್‌ಗಳು (ಕರೆಂಟಿನಿಂದ ನಡೆಯುವ ವಾಲ್ವ್‌ಗಳು), ಹಾದಿ ತೆರೆದು ಮುಚ್ಚುವುದು ವಾಲ್ವ್ ಬಾಡಿ. ಒತ್ತಡ ನಿಜಕ್ಕೂ ತಲುಪಿತೇ ಎಂದು ಕಂಪ್ಯೂಟರಿಗೆ ತಿಳಿಸಲು ಕೆಲವು ಕ್ಲಚ್‌ಗಳ ಹಾದಿಯಲ್ಲಿ ಪ್ರೆಶರ್ ಸ್ವಿಚ್ ಇರುತ್ತದೆ. ಹಾಗಾಗಿ ಮೂರನೇ ಗೇರ್ ಸರಿಯಾಗಿ ಹಿಡಿಯುತ್ತಿಲ್ಲ ಎಂದರೆ ಕ್ಲಚ್ ಪ್ಲೇಟ್ ಸವೆದಿರಬಹುದು, ಪಿಸ್ಟನ್ ಸೀಲ್ ಗಟ್ಟಿಯಾಗಿ ಸೋರುತ್ತಿರಬಹುದು, ಸೊಲೆನಾಯ್ಡ್ ಅಂಟಿಕೊಂಡಿರಬಹುದು, ಆಯಿಲ್ ಕಡಿಮೆ ಇರಬಹುದು. ಪ್ರೆಶರ್ ಸ್ವಿಚ್ ಕೆಟ್ಟು ಸುಳ್ಳು ಹೇಳುತ್ತಿದ್ದರೂ ಗೇರ್ ಬೀಳುವ ರೀತಿ ಒರಟಾಗುತ್ತದೆ. ಮೊದಲ ಎರಡಕ್ಕೆ ಬಾಕ್ಸ್ ಇಳಿಸಬೇಕು, ಉಳಿದವು ಇಳಿಸದೆಯೇ ಆಗುವ ಕೆಲಸ.

ರಿವರ್ಸಿಗೆ ಇದರಲ್ಲಿ ಸ್ವಂತದ ಕ್ಲಚ್ ಇಲ್ಲ. ಮೇಲಿನ ಗೇರೊಂದರ ಕ್ಲಚ್ಚನ್ನೇ ಬಳಸಿಕೊಂಡು, ಸರ್ವೋ ಎಂಬ, ಆಯಿಲ್ ಒತ್ತಡದಿಂದ ಸರಿಯುವ ಭಾಗವೊಂದು ರಿವರ್ಸ್ ಗೇರ್ ಜೋಡಿಸುತ್ತದೆ. ಡಿ ಹಾಕಿದಾಗ ತಡವಿಲ್ಲದೆ ಆರ್ ಹಾಕಿದಾಗ ಮಾತ್ರ ತಡವಾದರೆ ಅನುಮಾನ ಆ ಕ್ಲಚ್ ಮತ್ತು ಸರ್ವೋ ಕಡೆ ಹೋಗುತ್ತದೆ. ಎರಡಕ್ಕೂ ತಡವಾದರೆ ಮೊದಲು ನೋಡಬೇಕಾದ್ದು ಆಯಿಲ್ ಮಟ್ಟ, ಆಮೇಲೆ ಪಂಪ್. ಡಿ ಬಗ್ಗೆ ನೀವು ಏನೂ ಬರೆದಿಲ್ಲ. ನಾಳೆ ಬೆಳಿಗ್ಗೆ ತಣ್ಣಗಿನ ಇಂಜಿನ್ನಿನಲ್ಲಿ ಬ್ರೇಕ್ ಒತ್ತಿಕೊಂಡು ಎನ್‌ನಿಂದ ಡಿಗೆ, ಮತ್ತೆ ಎನ್‌ಗೆ, ಅಲ್ಲಿಂದ ಆರ್‌ಗೆ ಹಾಕಿ ಎಣಿಸಿ ನೋಡಿ. ಸುಮಾರು ಒಂದು ಸೆಕೆಂಡಿನೊಳಗೆ ಗಾಡಿ ಹಿಡಿದುಕೊಳ್ಳಬೇಕು. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್ ಜಾಸ್ತಿ ಇರುತ್ತದೆ, ಆಗ ಹಾಕಿದರೆ ಒಳ್ಳೆಯ ಬಾಕ್ಸೂ ಸ್ವಲ್ಪ ಧಡ್ ಅನ್ನುತ್ತದೆ. ಆರ್‌ಪಿಎಂ ಇಳಿಯುವವರೆಗೆ ಕಾದು ಪರೀಕ್ಷೆ ಮಾಡಿ.

ಯಾವುದು ನಿಜ, ಯಾವುದು ಸುಳ್ಳು

‘ಹಳೇ ಆಯಿಲ್ ಮುಟ್ಟಿದರೆ ಗಾಡಿ ನಿಲ್ಲುತ್ತೆ’ ಎಂಬ ಮಾತು ಎಲ್ಲ ಊರಿನಲ್ಲೂ ಇದೆ. ಅದು ಹುಟ್ಟಿದ್ದು ಹೀಗೆ: ಕ್ಲಚ್ ಸವೆದು ಸ್ಲಿಪ್ ಶುರುವಾದ ಮೇಲೆಯೇ ಜನ ಆಯಿಲ್ ಬದಲಿಸಲು ಬರುತ್ತಾರೆ. ಬದಲಿಸಿದ ಹದಿನೈದು ದಿನಕ್ಕೆ ಬಾಕ್ಸ್ ಕೈಕೊಡುತ್ತದೆ, ಅಪವಾದ ಹೊಸ ಆಯಿಲ್ ಮೇಲೆ ಬರುತ್ತದೆ. ಆಯಿಲ್ ಬದಲಿಸದಿದ್ದರೂ ಅದು ಕೈಕೊಡುತ್ತಿತ್ತು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿರುವುದು ಫ್ಲಶ್ ಮೆಷಿನ್ ವಿಷಯದಲ್ಲಿ. ವರ್ಷಗಟ್ಟಲೆ ತಳದಲ್ಲಿ ಕೂತ ಕ್ಲಚ್ ಪುಡಿಯನ್ನು ಒತ್ತಡದಿಂದ ಕದಡಿದರೆ ಅದು ವಾಲ್ವ್ ಬಾಡಿಯ ಸಣ್ಣ ರಂಧ್ರಗಳಿಗೂ ಸೊಲೆನಾಯ್ಡ್‌ಗಳಿಗೂ ಹೋಗಿ ಕೂರುತ್ತದೆ. ಅದರಲ್ಲೂ ಈ ಬಾಕ್ಸಿನ ಒಳಗಿರುವ, ಆಯಿಲ್ ಸೋಸುವ ಸ್ಟ್ರೇನರ್ ತೆಗೆಯಬೇಕೆಂದರೆ ಕೇಸ್ ಬಿಚ್ಚಬೇಕು. ಕೆಲವು ಗಾಡಿಗಳಂತೆ ಕೆಳಗಿನ ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಿಸುವ ಅನುಕೂಲ ಇಲ್ಲಿಲ್ಲ. ಆದ್ದರಿಂದ ಮೆಷಿನ್ ಫ್ಲಶ್ ಬೇಡ. ಕೆಳಗಿನ ಬೋಲ್ಟ್ ಬಿಚ್ಚಿ ತಾನಾಗಿ ಇಳಿದಷ್ಟನ್ನು ಇಳಿಸಿ, ಅಷ್ಟೇ ತುಂಬುವುದು ಸರಿಯಾದ ದಾರಿ.

‘ಫ್ಲಶ್ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎಂಬುದೂ ಅಷ್ಟೇ ತಪ್ಪು. ಸವೆದ ಫ್ರಿಕ್ಷನ್ ಪ್ಲೇಟಿಗೆ ಹೊಸ ಆಯಿಲ್ ಲೈನಿಂಗ್ ಬೆಳೆಸಿಕೊಡುವುದಿಲ್ಲ. ಹೊಸ ಆಯಿಲ್‌ನಿಂದ ಸುಧಾರಿಸುವ ಸಾಧ್ಯತೆ ಹೆಚ್ಚಿರುವುದು ನಿಮ್ಮ ಮೂರನೇ ಲಕ್ಷಣ, 60–70ರ ನಡುಕ. ‘ಸ್ಲಿಪ್ ನಿಲ್ಲಿಸುವ’ ಬಾಟಲಿ ಔಷಧಿಗಳನ್ನು ಹಾಕಿಸಲೇಬೇಡಿ. ಅವು ಸೀಲನ್ನು ಉಬ್ಬಿಸಿ, ಆಯಿಲ್‌ನ ಘರ್ಷಣೆಯ ಗುಣ ಬದಲಿಸಿ, ಕೆಲವು ವಾರ ಸಮಾಧಾನ ಕೊಡುತ್ತವೆ. ಆಮೇಲೆ ತಪಾಸಣೆಯನ್ನೇ ಗೊಂದಲ ಮಾಡುತ್ತವೆ. ಗಾಡಿ ಮಾರುವವರಿಗೆ ಅವು ಪ್ರಿಯ ಎನ್ನುವುದನ್ನೂ ನೆನಪಿಡಿ.

ಡಿ ಲೈಟ್ ಮಿನುಗಿ ಹೋಯಿತು ಎಂದರೆ ತೊಂದರೆ ಹೋಯಿತು ಎಂದು ಅರ್ಥವಲ್ಲ. ಮಿನುಗಿದ ಕಾರಣ ಕಂಪ್ಯೂಟರಿನ ನೆನಪಿನಲ್ಲಿ ಕೋಡ್ ಆಗಿ ಉಳಿದಿರುತ್ತದೆ. ಅದಕ್ಕೇ ಯಾರಾದರೂ ‘ಬ್ಯಾಟರಿ ಟರ್ಮಿನಲ್ ಬಿಚ್ಚಿ ರಿಸೆಟ್ ಮಾಡೋಣ’ ಅಂದರೆ ಬಿಡಬೇಡಿ. ನಿಮ್ಮ ಬಳಿ ಇರುವ ಅತಿ ಮುಖ್ಯ ಸಾಕ್ಷಿ ಅಳಿಸಿಹೋಗುತ್ತದೆ.

ತಪಾಸಣೆ ಯಾವ ಕ್ರಮದಲ್ಲಿ

ಮೊದಲ ಕೆಲಸ ಕೋಡ್ ಓದಿಸುವುದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇಂಜಿನ್ ಕೋಡ್‌ಗಳನ್ನು ಓದುತ್ತದೆ, ಗೇರ್‌ಬಾಕ್ಸಿನದನ್ನು ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಹೋಂಡಾ ಗಾಡಿಗಳ ಟ್ರಾನ್ಸ್‌ಮಿಷನ್ ಓದಬಲ್ಲ ಸ್ಕ್ಯಾನರ್ ಇರುವ ಕಡೆ ಹೋಗಿ. ಪಿ0847 ಅಥವಾ ಪಿ0848 ಬಂದರೆ ಅದು ಮೂರನೇ ಕ್ಲಚ್ಚಿನ ಪ್ರೆಶರ್ ಸ್ವಿಚ್ ಅಥವಾ ಅದರ ವೈರಿನ ಕಡೆ ಬೆರಳು ತೋರಿಸುತ್ತದೆ. ಪಿ0842, ಪಿ0843 ಎರಡನೇ ಕ್ಲಚ್ಚಿನ ಸ್ವಿಚ್ ಕಡೆಗೆ. ಪಿ0740, ಪಿ0741 ಎಂದರೆ ಕನ್ವರ್ಟರಿನ ಲಾಕ್-ಅಪ್ ಕ್ಲಚ್. ಪಿ0715, ಪಿ0720 ಬಂದರೆ ಸ್ಪೀಡ್ ಸೆನ್ಸರ್‌ಗಳು. ಇವು ಕೆಟ್ಟರೂ ಗೇರ್ ಅಡ್ಡಾದಿಡ್ಡಿ ಬೀಳುತ್ತದೆ, ಬಾಕ್ಸಿನ ಒಳಗೆ ಏನೂ ಆಗಿರುವುದಿಲ್ಲ. ಪಿ0730 ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ, ಕಂಪ್ಯೂಟರ್ ಕೇಳಿದ ಗೇರ್ ನಿಜವಾಗಿ ಬಿದ್ದಿಲ್ಲ ಎಂದು ಅದರ ಅರ್ಥ. ಯಾವ ಕೋಡ್ ಬಂದರೂ ಆ ಭಾಗ ಕೊಂಡು ಹಾಕು ಎಂದಲ್ಲ, ಅಲ್ಲಿಂದ ಹುಡುಕಲು ಶುರು ಮಾಡು ಎಂದು ಓದಬೇಕು. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಅಳಿಸಲು ಹೇಳಿ.

ಅದೇ ಹೊತ್ತಿಗೆ ಬ್ಯಾಟರಿ ನೋಡಿಸಿ. ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಓಡುವಾಗ ಅಳೆಯುವುದಾದರೆ ಹೆಡ್‌ಲೈಟ್ ಹಾಕಿಕೊಂಡು ಅಳೆಯಿರಿ. ಹೋಂಡಾಗಳಲ್ಲಿ ಕರೆಂಟಿನ ಬೇಡಿಕೆ ಕಡಿಮೆ ಇದ್ದಾಗ ಆಲ್ಟರ್ನೇಟರ್ ಬೇಕೆಂದೇ ಕಡಿಮೆ ಚಾರ್ಜ್ ಮಾಡುತ್ತದೆ. ಅದನ್ನು ತಿಳಿಯದೆ ಒಳ್ಳೆಯ ಆಲ್ಟರ್ನೇಟರ್ ಬದಲಿಸಿದವರಿದ್ದಾರೆ. ಲೈಟ್ ಹಾಕಿದಾಗ 14ರ ಆಸುಪಾಸು ಬಂದರೆ ಸರಿ. ಗೇರ್‌ಬಾಕ್ಸ್ ಕೇಸಿಗೆ ಬರುವ ಅರ್ತ್ ವೈರ್ ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿಸಿ. ಮಲೆನಾಡಿನ ಮಳೆಯಲ್ಲಿ ಓಡಿದ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ನಂತರ ಆಯಿಲ್ ಮಟ್ಟ. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಬೇರೆ ಹಲವು ಕಂಪನಿಗಳ ಆಟೊಮ್ಯಾಟಿಕ್‌ಗಳಲ್ಲಿ ಇಂಜಿನ್ ಓಡುತ್ತಿರುವಾಗ ಆಯಿಲ್ ನೋಡಬೇಕು. ಹೋಂಡಾದ ಈ ಬಾಕ್ಸಿನಲ್ಲಿ ಇಂಜಿನ್ ಆಫ್ ಮಾಡಿ ನೋಡಬೇಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ರೇಡಿಯೇಟರ್ ಫ್ಯಾನ್ ತಿರುಗುವಷ್ಟು ಬಿಸಿಯಾಗಲು ಬಿಡಿ. ಆಫ್ ಮಾಡಿ ಒಂದು ನಿಮಿಷ ಕಾದು, ಒಂದೂವರೆ ನಿಮಿಷ ದಾಟುವ ಮೊದಲು ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೂ ಕೆಟ್ಟದ್ದೇ: ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ.

ಇಲ್ಲೊಂದು ಪ್ರಶ್ನೆ: ತೊಂದರೆ ಶುರುವಾಗುವ ಸ್ವಲ್ಪ ಮೊದಲು ಇಂಜಿನ್ ಆಯಿಲ್ ಸರ್ವಿಸ್ ಆಗಿತ್ತೇ? ಹೋಂಡಾ ತಿಳಿಯದ ಹುಡುಗರು ಗಾಡಿಯ ಕೆಳಗೆ ಹೋಗಿ ಇಂಜಿನ್ನಿನದೆಂದುಕೊಂಡು ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚುವುದುಂಟು. ಬಾಕ್ಸಿನ ಬೋಲ್ಟಿಗೆ ಹೊರಗೆ ಆರು ಮೂಲೆಯ ತಲೆ ಇರುವುದಿಲ್ಲ. ಮಧ್ಯೆ ಚೌಕಾಕಾರದ ಗುಂಡಿ ಇರುತ್ತದೆ, 3/8 ಇಂಚಿನ ರ್‍ಯಾಚೆಟ್ ಸಾಕೆಟ್ ಇಲ್ಲದೆ ನೇರ ಅದರೊಳಗೆ ಕೂರುತ್ತದೆ. ತಪ್ಪು ಬೋಲ್ಟ್ ಬಿಚ್ಚಿದ್ದರೆ ಬಾಕ್ಸಿನಲ್ಲಿ ಆಯಿಲ್ ಎರಡೂವರೆ ಲೀಟರ್ ಕಡಿಮೆ, ಇಂಜಿನ್ನಿನಲ್ಲಿ ಅಳತೆ ಮೀರಿ ಜಾಸ್ತಿ. ಎರಡೂ ಡಿಪ್‌ಸ್ಟಿಕ್ ನೋಡಿದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಡಿಪ್‌ಸ್ಟಿಕ್ಕಿನ ತುದಿಯ ಒಂದು ತೊಟ್ಟನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಡಿ. ಕೆಂಪೋ ಕಂದೋ ಬಣ್ಣ ಒಂದೇ ಸಮ ಹರಡಿಕೊಂಡರೆ ಆಯಿಲ್ ಹಳೆಯದಾಗಿದೆ ಅಷ್ಟೇ. ನಡುವೆ ಕಪ್ಪು ಚುಕ್ಕೆ ಉಳಿದು ಸುತ್ತ ಮಾತ್ರ ಬಣ್ಣ ಹರಡಿದರೆ, ಬೆರಳಲ್ಲಿ ಉಜ್ಜಿದಾಗ ಪುಡಿ ಸಿಕ್ಕಿದರೆ, ಸುಟ್ಟ ಬ್ರೇಕ್ ಲೈನಿಂಗ್ ವಾಸನೆ ಹೊಡೆದರೆ, ಕ್ಲಚ್ ಸವೆದು ಆಯಿಲಿಗೆ ಬಂದಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣವಾಗಿದ್ದರೆ ಅದು ಬೇರೆಯದೇ ಕಥೆ: ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ಹಾಗಿದ್ದರೆ ಆ ಕ್ಷಣವೇ ಗಾಡಿ ನಿಲ್ಲಿಸಿ. ನೀರು ತಾಗಿದ ಫ್ರಿಕ್ಷನ್ ಪ್ಲೇಟ್‌ಗಳ ಅಂಟು ಬಿಡುತ್ತದೆ.

ಮುಂದೆ, ಗೇರ್‌ಬಾಕ್ಸಿನ ವೇಷ ಹಾಕಿ ಬರುವ ಬೇರೆ ತೊಂದರೆಗಳು. ರಿವರ್ಸಿನ ಧಡ್ ಶಬ್ದದಲ್ಲಿ ಇಂಜಿನ್ ಮೌಂಟಿಂಗ್ ಪಾಲು ಎಷ್ಟು ಎಂದು ನೋಡಿ. ಬಾನೆಟ್ ತೆಗೆದು, ಒಳಗೊಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹ್ಯಾಂಡ್‌ಬ್ರೇಕೂ ಎಳೆದು ಡಿಯಿಂದ ಆರ್‌ಗೆ ಬದಲಿಸಲಿ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿಯ ಮುಂದೆ ಹಿಂದೆ ಯಾರೂ ಇರಬಾರದು. ಇಂಜಿನ್ ಎದ್ದು ಕೂತಂತೆ ಆಡಿದರೆ ಮೌಂಟಿಂಗ್ ಹೋಗಿದೆ. ಹದಿನಾಲ್ಕು ಹದಿನೈದು ವರ್ಷದ ಗಾಡಿಯಲ್ಲಿ ಹೋಗಿರದಿದ್ದರೇ ಆಶ್ಚರ್ಯ. ಆದರೆ ಎರಡು ಮೂರು ಸೆಕೆಂಡಿನ ತಡಕ್ಕೆ ಮೌಂಟಿಂಗ್ ಕಾರಣವಾಗಲಾರದು.

60–70ರ ನಡುಕಕ್ಕೆ ಇಬ್ಬರು ಆರೋಪಿಗಳು: ಲಾಕ್-ಅಪ್ ಕ್ಲಚ್, ಇಲ್ಲವೇ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್ ದೋಷದಿಂದ ಆಗುವ ಮಿಸ್‌ಫೈರ್ (ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಒಂದು ವೇಗ ದಾಟಿದ ಮೇಲೆ ಕನ್ವರ್ಟರಿನೊಳಗಿನ ಕ್ಲಚ್ ನಿಧಾನವಾಗಿ ಕಟ್ಟಿಕೊಂಡು ಇಂಜಿನ್ನನ್ನೂ ಬಾಕ್ಸನ್ನೂ ನೇರ ಜೋಡಿಸುತ್ತದೆ. ಆಯಿಲ್‌ನ ಘರ್ಷಣೆಯ ಗುಣ ಕೆಟ್ಟಾಗ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ನಡುಕ ಬರುತ್ತಿರುವ ಹೊತ್ತಿಗೆ ಎಕ್ಸಲರೇಟರ್ ಹಾಗೇ ಹಿಡಿದುಕೊಂಡು ಎಡಗಾಲಲ್ಲಿ ಬ್ರೇಕನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಸೋಕಿಸಿ. ಬ್ರೇಕ್ ಸ್ವಿಚ್ ಆನ್ ಆದಾಗ ಕಂಪ್ಯೂಟರ್ ಲಾಕ್-ಅಪ್ ಬಿಡಿಸುತ್ತದೆ. ಆ ಕ್ಷಣವೇ ನಡುಕ ನಿಂತರೆ ಅದು ಲಾಕ್-ಅಪ್. ನಡುಕ ಮುಂದುವರಿದರೆ ಪ್ಲಗ್ ಮತ್ತು ಕಾಯಿಲ್ ಕಡೆ ನೋಡಿ. ಎಡಗಾಲು ಬ್ರೇಕಿಗೆ ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದೇ ಒಳ್ಳೆಯದು.

ಇಷ್ಟಾದ ಮೇಲೆ ಸ್ಕ್ಯಾನರ್ ಹಾಕಿಕೊಂಡೇ, ಬಿಸಿ ಗಾಡಿಯಲ್ಲಿ ಟೆಸ್ಟ್ ಡ್ರೈವ್. ಎರಡರಿಂದ ಮೂರಕ್ಕೆ ಹೋಗುವಾಗ ಇನ್‌ಪುಟ್ ಮತ್ತು ಔಟ್‌ಪುಟ್ ಶಾಫ್ಟಿನ ವೇಗ, ಮೂರನೇ ಕ್ಲಚ್ ಸ್ವಿಚ್ ಆನ್ ಆಗುವ ಹೊತ್ತು, ಮೂರನ್ನೂ ರೆಕಾರ್ಡ್ ಮಾಡಿಸಿ. ಗೇರ್ ಸರಿಯಾಗಿ ಹಿಡಿದಿದ್ದೂ ಸ್ವಿಚ್ ಆನ್ ಆಗದಿದ್ದರೆ ಸ್ವಿಚ್ಚೇ ಕಳ್ಳ. ಅದು ಬಾಕ್ಸಿನ ಹೊರಗೆ ಸ್ಕ್ರೂನಂತೆ ಕೂತಿರುವ ಸಣ್ಣ ಭಾಗ. ಸೊಲೆನಾಯ್ಡ್‌ಗಳ ರೆಸಿಸ್ಟೆನ್ಸ್ ಮಲ್ಟಿಮೀಟರಿನಲ್ಲಿ ಅಳೆಯಬಹುದು: ಶಿಫ್ಟ್ ಸೊಲೆನಾಯ್ಡ್‌ಗಳು ಸಾಮಾನ್ಯವಾಗಿ 12ರಿಂದ 25 ಓಮ್, ಒತ್ತಡ ಹೊಂದಿಸುವ ಲಿನಿಯರ್ ಸೊಲೆನಾಯ್ಡ್‌ಗಳು 3ರಿಂದ 10 ಓಮ್. ಅಳತೆ ಸರಿಯಿದ್ದರೂ ಒಳಗೆ ಸರಿದಾಡುವ ಸ್ಪೂಲ್ ಎಂಬ ಭಾಗ ಕೊಳೆಯಿಂದ ಅಂಟಿರಬಹುದು, ಹಾಗಾಗಿ ಓಮ್ ನೋಡಿ ಪಾಸ್ ಮಾಡಿ ಕೈತೊಳೆದುಕೊಳ್ಳಬಾರದು.

ಕೊನೆಯ ಮಾತು ಹೇಳುವುದು ಪ್ರೆಶರ್ ಟೆಸ್ಟ್. ಈ ಬಾಕ್ಸಿನ ಕೇಸಿನಲ್ಲಿ ಕ್ಲಚ್‌ಗಳ ಒತ್ತಡ ಅಳೆಯಲೆಂದೇ ಬೋಲ್ಟ್ ಹಾಕಿ ಮುಚ್ಚಿದ ತೂತುಗಳಿವೆ. ಗೇಜ್ ಜೋಡಿಸಿ ಓದಿ, ಕಂಪನಿಯ ರಿಪೇರಿ ಕೈಪಿಡಿಯ ಅಳತೆಯೊಂದಿಗೆ ಹೋಲಿಸಬೇಕು. ಎಲ್ಲ ಕಡೆ ಒತ್ತಡ ಕಡಿಮೆ ಬಂದರೆ ಪಂಪ್, ಕಟ್ಟಿಕೊಂಡ ಸ್ಟ್ರೇನರ್ ಅಥವಾ ರೆಗ್ಯುಲೇಟರ್ ವಾಲ್ವ್. ಮೂರರಲ್ಲಿ ಮಾತ್ರ ಕಡಿಮೆಯಾದರೆ ಆ ಹಾದಿಯ ಸೀಲ್ ಅಥವಾ ಸೊಲೆನಾಯ್ಡ್. ಒತ್ತಡ ಪೂರ್ತಿ ಇದ್ದೂ ಜಾರುತ್ತಿದೆ ಎಂದರೆ ಪ್ಲೇಟ್ ಸವೆದಿದೆ, ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ನಿಮಗೆ 1.9 ಲಕ್ಷ ಹೇಳಿದವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: ಮೂರನೇ ಕ್ಲಚ್ ಪ್ರೆಶರ್ ಎಷ್ಟು ಬಂತು? ಬ್ರೇಕ್ ಒತ್ತಿ ಪೂರ್ತಿ ಎಕ್ಸಲರೇಟರ್ ಕೊಟ್ಟು ನೋಡುವ ಸ್ಟಾಲ್ ಟೆಸ್ಟನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಸೊರಗಿದ ಕ್ಲಚ್ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗಬಹುದು.

ಆಯಿಲ್ ಬದಲಿಸುವುದು ಹೇಗೆ

ಆಯಿಲ್‌ನಲ್ಲಿ ಕಪ್ಪು ಪುಡಿ, ಸುಟ್ಟ ವಾಸನೆ ಇಲ್ಲದಿದ್ದರೆ ನಾನು ಸೂಚಿಸುವ ಮೊದಲ ಚಿಕಿತ್ಸೆ ಇದು. ಒಂದು ಸಲ ಡ್ರೈನ್ ಮಾಡಿದರೆ ಇಳಿಯುವುದು ಸುಮಾರು ಎರಡೂವರೆ ಲೀಟರ್. ಅದಕ್ಕಿಂತ ಹೆಚ್ಚಿನ ಆಯಿಲ್ ಕನ್ವರ್ಟರಿನಲ್ಲೂ ಕ್ಲಚ್‌ಗಳಲ್ಲೂ ಉಳಿಯುತ್ತದೆ. ಅಂದರೆ ಒಂದು ಸಲಕ್ಕೆ ಹೊಸದಾಗುವುದು ಶೇ 40ರಷ್ಟು, ಮೂರು ಸಲ ಮಾಡಿದಾಗ ಶೇ 80ರ ಹತ್ತಿರ. ಒಟ್ಟು ಏಳೂವರೆ ಲೀಟರ್ ಬೇಕು, ಎಂಟು ತಂದಿಟ್ಟುಕೊಳ್ಳಿ. ಮೂರನ್ನೂ ಒಂದೇ ದಿನ ಮುಗಿಸುವವರಿದ್ದಾರೆ. ಇಷ್ಟು ಕಾಲ ಬದಲಾಗದ ಆಯಿಲ್ ಆದ್ದರಿಂದ ನಡುವೆ 200–300 ಕಿ.ಮೀ. ಓಡಿಸಿ ಮಾಡಿಸುವುದು ನನ್ನ ಆಯ್ಕೆ. ಪ್ರತಿ ಸಲ ಇಳಿದ ಆಯಿಲ್ ನೋಡಿ ಮುಂದಿನದನ್ನು ತೀರ್ಮಾನಿಸಬಹುದು.

ಗಾಡಿ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಿ. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದೆ. ಅದಕ್ಕೆ ಅಂಟಿದ್ದು ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಆಗಿದ್ದರೆ ಈ ವಯಸ್ಸಿಗೆ ಸಹಜ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ಎಳೆ, ಹಲ್ಲಿನ ತುಣುಕು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಬೇರಿಂಗೋ ಗೇರೋ ಒಡೆದಿದೆ, ಅದರ ಮೇಲೆ ಹೊಸ ಆಯಿಲ್ ಖರ್ಚು ಮಾಡಬೇಡಿ. ಒರೆಸಿ, 18 ಎಂಎಂ ಅಲ್ಯೂಮಿನಿಯಂ ವಾಷರ್ ಹೊಸದು ಹಾಕಿ, 49 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಕೇಸ್ ಅಲ್ಯೂಮಿನಿಯಂ, ಉದ್ದನೆಯ ಪೈಪ್ ಹಾಕಿ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ. ಎಷ್ಟು ಇಳಿದಿದೆಯೋ ಅಳೆದು ಅಷ್ಟೇ ತುಂಬಿ. ಬ್ರೇಕ್ ಒತ್ತಿ ಪ್ರತಿ ಗೇರಿನಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸುತ್ತ ಎಲ್ಲ ಸ್ಥಾನಕ್ಕೂ ಹಾಕಿ ತೆಗೆದು, ಮೊದಲು ಹೇಳಿದ ರೀತಿಯಲ್ಲೇ ಮಟ್ಟ ನೋಡಿ.

ಬಾಕ್ಸ್ ಇಳಿಸಲೇಬೇಕಾದರೆ

ಆಗ ನಿಮ್ಮ ಮುಂದಿರುವುದು ಮೂರು ದಾರಿ, ಮಾರುವುದನ್ನೂ ಸೇರಿಸಿದರೆ ನಾಲ್ಕು.

ಇರುವ ಬಾಕ್ಸನ್ನೇ ಬಿಚ್ಚಿ ರಿಪೇರಿ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಉತ್ತಮ, ಕೈ ನುರಿತವರು ಸಿಕ್ಕರೆ ಮಾತ್ರ. ‘ಆಟೊಮ್ಯಾಟಿಕ್ ಬಿಚ್ಚೋ ಹಾಗಿಲ್ಲ, ಬದಲಿಸೋದೇ’ ಎನ್ನುವುದು ಈ ಬಾಕ್ಸಿನ ಮಟ್ಟಿಗೆ ನಿಜವಲ್ಲ. ಕೊಟೇಶನ್‌ನಲ್ಲಿ ಏನೇನಿದೆ ನೋಡಿ: ಎಲ್ಲ ಫ್ರಿಕ್ಷನ್ ಪ್ಲೇಟ್, ಸ್ಟೀಲ್ ಪ್ಲೇಟ್, ಪಿಸ್ಟನ್ ಸೀಲ್, ಓ-ರಿಂಗ್, ಸ್ಟ್ರೇನರ್, ಡ್ರೈವ್‌ಶಾಫ್ಟ್ ಸೀಲ್, ಜೊತೆಗೆ ಕನ್ವರ್ಟರ್. ‘ಮೂರನೇ ಕ್ಲಚ್ ಮಾತ್ರ ಹಾಕ್ತೀವಿ’ ಅಂದರೆ ಒಪ್ಪಬೇಡಿ, ಬಾಕ್ಸ್ ಇಳಿಸಿ ಏರಿಸುವ ಕೂಲಿಯನ್ನು ಆರು ತಿಂಗಳಲ್ಲಿ ಮತ್ತೆ ಕೊಡಬೇಕಾದೀತು. ಕನ್ವರ್ಟರನ್ನು ಕತ್ತರಿಸಿ ತೊಳೆದು ಲಾಕ್-ಅಪ್ ಲೈನಿಂಗ್ ಬದಲಿಸಬೇಕು, ಇಲ್ಲವೇ ಬೇರೆ ಹಾಕಬೇಕು. ಅದರೊಳಗಿನ ಹಳೆಯ ಪುಡಿ ಹೊಸ ಕ್ಲಚ್‌ಗಳಿಗೆ ಬರುತ್ತದೆ. ಕೂಲರ್ ಪೈಪುಗಳನ್ನೂ ತೊಳೆಯಬೇಕು. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಜೋಡಿಸುವ ಮೊದಲು ಕನಿಷ್ಠ ಅರ್ಧ ಗಂಟೆ ಎಟಿಎಫ್‌ನಲ್ಲಿ ನೆನೆಸಿಡಬೇಕು, ಪ್ರತಿ ಕ್ಲಚ್ಚಿನ ಕ್ಲಿಯರೆನ್ಸನ್ನು (ಪ್ಲೇಟ್‌ಗಳ ನಡುವಿನ ಸಂದು) ಡಯಲ್ ಗೇಜಿನಲ್ಲಿ ಅಳೆದು ಸರಿಯಾದ ದಪ್ಪದ ಎಂಡ್ ಪ್ಲೇಟ್ ಹಾಕಬೇಕು. ನಿಮ್ಮ ರಿಪೇರಿಯವರು ಡಯಲ್ ಗೇಜ್ ಅಂದಾಗ ಮುಖ ಮುಖ ನೋಡಿದರೆ ಅಲ್ಲಿಂದ ಹೊರಡಿ.

ಎರಡನೆಯದು ಹಳೆಯ ಬಾಕ್ಸ್ ತಂದು ಹಾಕುವುದು. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ದೆಹಲಿಯ ಮಾಯಾಪುರಿಯವರೆಗೆ ಹುಡುಕಿಸಬಹುದು. ಅಗ್ಗ ನಿಜ, ಆದರೆ ಅದು ಎಷ್ಟು ಓಡಿದೆ, ಆಯಿಲ್ ಕಂಡಿದೆಯೇ ಎನ್ನುವುದು ಮಾರುವವನಿಗೂ ಗೊತ್ತಿರುವುದಿಲ್ಲ. ಕೇಸಿನ ಮೇಲೆ ಅಚ್ಚಾದ ಬಾಕ್ಸಿನ ಕೋಡ್ ನಿಮ್ಮದಕ್ಕೆ ತಾಳೆಯಾಗಬೇಕು. ಸಿಟಿಯದೇ ಅಂತ ಸಿವಿಟಿ ಕಳಿಸಿಬಿಟ್ಟಾರು. ಕೊಳ್ಳುವ ಮೊದಲು ಡ್ರೈನ್ ಬೋಲ್ಟ್ ಬಿಚ್ಚಿ ಅಯಸ್ಕಾಂತ ನೋಡಿ, ಉಳಿದ ಆಯಿಲ್ ಮೂಸಿ. ಹೊರಗಿರುವಾಗಲೇ ಸೀಲ್‌ಗಳನ್ನು ಬದಲಿಸಿ. ಬಾಕ್ಸಿಗೆ ಮಾತ್ರವಲ್ಲ, ಇಳಿಸಿ ಏರಿಸುವ ಕೂಲಿಗೂ ಸೇರಿಸಿ ಗ್ಯಾರಂಟಿ ಬರೆಸಿಕೊಳ್ಳಿ. ಬಾಯಿಮಾತಿನ ಮೂರು ತಿಂಗಳಿಗೆ ಬೆಲೆಯಿಲ್ಲ.

ಹೊಸ ಬಾಕ್ಸಿನ ಲೆಕ್ಕ ನಿಮ್ಮ ಅಂಕಿಗಳಲ್ಲೇ ಇದೆ. ಗಾಡಿಯ ಬೆಲೆ 2.6ರಿಂದ 3.4 ಲಕ್ಷಕ್ಕೆ ಏರಿದರೆ ಸಿಗುವುದು 80 ಸಾವಿರ, ಹಾಕುವುದು 1.9 ಲಕ್ಷ. ಮಾರುವ ಉದ್ದೇಶದಿಂದ ಹಾಕಿಸಿದರೆ 1.1 ಲಕ್ಷ ನಷ್ಟ. ಇಂಜಿನ್, ಸಸ್ಪೆನ್ಷನ್, ಬಾಡಿ ಚೆನ್ನಾಗಿದ್ದು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವುದು ಖಚಿತವಿದ್ದರೆ ಮಾತ್ರ ಯೋಚಿಸಿ. ಒಂದು ವಿಷಯ ಮರೆಯಬೇಡಿ: ಗಾಡಿಗೆ 15 ವರ್ಷ ತುಂಬಿದಾಗ ಆರ್‌ಟಿಒದಲ್ಲಿ ಆರ್‌ಸಿ ನವೀಕರಣ ಬರುತ್ತದೆ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ. ಹಾಗೇ ಮಾರುವುದಾದರೆ ತೊಂದರೆ ಹೇಳಿಯೇ ಮಾರಿ, 2.6 ಲಕ್ಷ ಅದನ್ನು ತಿಳಿದೇ ಹೇಳಿದ ಬೆಲೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಅಲ್ಲಿಯವರೆಗೆ ಓಡಿಸುವುದು

ಈ ತಿಂಗಳು ಉಡುಪಿಗೆ ಬಸ್ಸಿನಲ್ಲಿ ಹೋಗಿ. ಆಗುಂಬೆಯ ಹದಿನಾಲ್ಕು ತಿರುವು ಹತ್ತುವಾಗ ಬಾಕ್ಸ್ ಎರಡು-ಮೂರರ ನಡುವೆಯೇ ಓಲಾಡುತ್ತದೆ, ಆಯಿಲ್ ಅತಿ ಬಿಸಿಯಾಗುವುದೂ ಅಲ್ಲೇ. ಈಗ ಜಾರುತ್ತಿರುವ ಕ್ಲಚ್ಚಿಗೆ ಇದಕ್ಕಿಂತ ಕೆಟ್ಟ ರಸ್ತೆ ಬೇರೆ ಇಲ್ಲ. ಊರೊಳಗೆ ಓಡಿಸುವಾಗ ರೇಸ್ ಏರಿದ ಕೂಡಲೇ ಎಕ್ಸಲರೇಟರ್ ಸಡಿಲಿಸಿ, ಗೇರ್ ಹಿಡಿದ ಮೇಲೆ ಮೆಲ್ಲಗೆ ಒತ್ತಿ. ಓವರ್‌ಟೇಕಿಗೆ ಪೂರ್ತಿ ತುಳಿಯುವುದು ಬೇಡ. ಡಿ ಲೈಟ್ ಮತ್ತೆ ಮಿನುಗಿದರೆ ಬದಿಗೆ ನಿಲ್ಲಿಸಿ, ಯಾವ ವೇಗದಲ್ಲಿ, ಬಿಸಿಯಲ್ಲೋ ತಣ್ಣಗಿದ್ದಾಗಲೋ ಎಂದು ಬರೆದಿಟ್ಟುಕೊಳ್ಳಿ. ಗಾಡಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಆಫ್ ಇದ್ದಾಗ ಪಂಪ್ ತಿರುಗುವುದಿಲ್ಲ, ಚಕ್ರದ ಜೊತೆ ಒಳಗಿನ ಶಾಫ್ಟ್‌ಗಳು ಮಾತ್ರ ಆಯಿಲಿಲ್ಲದೆ ತಿರುಗುತ್ತವೆ. ಮುಂದಿನ ಎರಡು ಚಕ್ರ ಎತ್ತಿ ಅಥವಾ ಫ್ಲ್ಯಾಟ್‌ಬೆಡ್ ಮೇಲೆ ಹಾಕಿಯೇ ಸಾಗಿಸಬೇಕು.

ನೀವು ಬರೆದಷ್ಟರ ಮೇಲೆ ನನ್ನ ಅಂದಾಜು ಹೀಗಿದೆ. ನಡುಕ ಆಯಿಲ್ ಬದಲಾದರೆ ಬಹುಪಾಲು ಕಡಿಮೆಯಾಗಬಹುದು. ರಿವರ್ಸ್ ತಡ ಆಯಿಲ್ ಮಟ್ಟದ್ದಾಗಿದ್ದರೆ ಅದೂ ಹೋಗುತ್ತದೆ. ತಣ್ಣಗಿದ್ದಾಗ ಮಾತ್ರ ಬರುವುದರಿಂದ ಗಟ್ಟಿಯಾದ ಸೀಲ್ ಎಂಬ ಅನುಮಾನವೂ ಇದೆ. ಎರಡು-ಮೂರರ ಸ್ಲಿಪ್ ಬಗ್ಗೆ ಕೋಡ್ ಮತ್ತು ಪ್ರೆಶರ್ ನೋಡದೆ ನಾನು ಏನೂ ಹೇಳಲಾರೆ. ಮೂರನೇ ಸಲ ಆಯಿಲ್ ಬದಲಿಸಿ 500 ಕಿ.ಮೀ. ಓಡಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಿ. ಆಗಲೂ ಬಿಸಿಯಾದಾಗ ಸ್ಲಿಪ್ ಉಳಿದಿದ್ದರೆ ನಾಲ್ಕನೇ ಸಲದ ಆಯಿಲಿಗೆ ದುಡ್ಡು ಹಾಕಬೇಡಿ, ನೇರ ಪ್ರೆಶರ್ ಟೆಸ್ಟಿಗೆ ಹೋಗಿ.